ಪಟ್ಟದ ಗೊಂಬೆಗಳ ನಡುವೆ ಓರ್ಟಿಜ್

ಇಪ್ಪತ್ತು ವರ್ಷಗಳಿಂದ ನಾನೊಂದು ಸುಳ್ಳು ಹೇಳಿಕೊಂಡು ಬಂದಿದ್ದೇನೆ. 2004ರಲ್ಲಿ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಗೆದ್ದಾಗ ನೀವು ಬಾಸ್ಟನ್ನಿನಲ್ಲೇ ಇದ್ದಿರಂತಲ್ಲ, ಆ ಪಂದ್ಯಗಳನ್ನು ನೋಡಿದಿರಾ ಎಂದು ಯಾರಾದರೂ ಕೇಳಿದರೆ, "ಅಯ್ಯೋ, ನೋಡದೆ ಇರುತ್ತೇನೆಯೇ!" ಎನ್ನುತ್ತೇನೆ. ನಿಜವೇನೆಂದರೆ, ಸೋತದ್ದನ್ನೆಲ್ಲ ನೋಡಿದವನು ನಾನು. ಗೆದ್ದದ್ದನ್ನೆಲ್ಲ ನೋಡಿದವರು ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ.

ಅತ್ತೆಯವರು ನವರಾತ್ರಿಗೆ ಎರಡು ದಿನ ಮುಂಚೆ ಬಂದಿಳಿದರು. ಸೂಟ್‌ಕೇಸಿನಲ್ಲಿ ಹಳೆಯ ಸೀರೆಗಳಲ್ಲಿ ಸುತ್ತಿದ ಪಟ್ಟದ ಗೊಂಬೆಗಳು, ಚಟ್ನಿಪುಡಿ, ಒಂದು ಕಟ್ಟು ದರ್ಭೆ. ದರ್ಭೆಯನ್ನು ವಿಮಾನ ನಿಲ್ದಾಣದ ಅಧಿಕಾರಿ ಹೇಗೆ ಬಿಟ್ಟನೋ ದೇವರೇ ಬಲ್ಲ. ಗೊಂಬೆ ಕೂರಿಸುವ ದಿನ ನಮ್ಮ ಆರು ವರ್ಷದ ಮಗಳು ತನ್ನದೂ ಒಂದಿರಲಿ ಎಂದು ರೆಡ್ ಸಾಕ್ಸ್ ಆಟಗಾರ ಡೇವಿಡ್ ಓರ್ಟಿಜ್‌ನ ತಲೆಯಾಡಿಸುವ ಗೊಂಬೆಯನ್ನು ತಂದು ರಾಜ ರಾಣಿಯರ ನಡುವೆ ನಿಲ್ಲಿಸಿದಳು. ನಾನು ತೆಗೆಯಹೋದೆ. "ಇರಲಿ ಬಿಡಿ, ತಂಜಾವೂರು ಗೊಂಬೆಯ ಹಾಗೆಯೇ ಇದೆ" ಎಂದು ಅತ್ತೆ ಅವನಿಗೂ ಅರಿಶಿನ ಕುಂಕುಮ ಇಟ್ಟರು.

ಆಟದ ಕಥೆಯನ್ನು ವಿವರಿಸುವುದು ನನಗೆ ಕಷ್ಟವಾಗಲಿಲ್ಲ. ಬಾಸ್ಟನ್ ತಂಡ ಕೊನೆಯ ಸಲ ಗೆದ್ದದ್ದು 1918ರಲ್ಲಿ. ಆಮೇಲೆ ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ನ್ಯೂಯಾರ್ಕ್‌ನ ಯಾಂಕೀಸ್‌ಗೆ ಮಾರಿದರು, ಅಂದಿನಿಂದ ಶಾಪ ತಗುಲಿದೆ ಎಂದು ಊರಿನ ನಂಬಿಕೆ. ಶಾಪ ಎಂದೊಡನೆ ಅತ್ತೆಯವರಿಗೆ ಇಡೀ ಬೇಸ್‌ಬಾಲ್ ಅರ್ಥವಾಗಿಬಿಟ್ಟಿತು. ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿದ್ದನ್ನು ಕೇಳುತ್ತ ಬೆಳೆದವರು. "ಪರಿಹಾರ ಮಾಡಿಸಲಿಲ್ಲವೇ?" ಎಂದಷ್ಟೇ ಕೇಳಿದರು.

ನಮ್ಮಲ್ಲಿಗೆ ಆಟ ನೋಡಲು ಬರುತ್ತಿದ್ದ ಪಕ್ಕದ ಮನೆಯ ಮುದುಕರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಎಪ್ಪತ್ತು ದಾಟಿದ ಅವರು ನನ್ನ ಮಗಳನ್ನು ಅನುಕರಿಸಿ ಅತ್ತೆಯವರನ್ನು "ಅಜ್ಜಿ" ಎನ್ನುತ್ತಿದ್ದರು. ಅರವತ್ತೆರಡರ ಅತ್ತೆಯವರಿಗೆ ಇದು ಕೊನೆಯವರೆಗೂ ಹಿಡಿಸಲಿಲ್ಲ. 1986ರ ಫೈನಲ್‌ನಲ್ಲಿ ರೆಡ್ ಸಾಕ್ಸ್‌ನ ಬಿಲ್ ಬಕ್ನರ್‌ನ ಕಾಲ ಸಂದಿಯಲ್ಲಿ ಚೆಂಡು ಉರುಳಿಹೋದದ್ದನ್ನು ಯಾರಾದರೂ ಎತ್ತಿದರೆ ಅವರು ತಟ್ಟೆ ಪಕ್ಕಕ್ಕಿಟ್ಟುಬಿಡುತ್ತಿದ್ದರು. ಮುಂದಿನ ವರ್ಷ ನೋಡೋಣ ಎನ್ನುವುದೇ ಅವರ ಜಪ. "ಈ ಸಲ ಕಪ್ ನಮ್ಮದೇ" ಎಂದು ನಾವು ಕಲಿಯುವುದಕ್ಕೆ ಆಗಿನ್ನೂ ಬಹಳ ವರ್ಷಗಳಿದ್ದವು.

ಆ ವರ್ಷವೂ ಫೈನಲ್‌ಗೆ ಮುಂಚಿನ ಸರಣಿಯಲ್ಲಿ ಎದುರಾದದ್ದು ಯಾಂಕೀಸೇ. ಏಳರಲ್ಲಿ ನಾಲ್ಕು ಗೆಲ್ಲಬೇಕು. ಸೋಫಾದ ಎಡತುದಿಯಲ್ಲಿ ಕೂತು ಮೂರು ಪಂದ್ಯ ನೋಡಿದೆ, ಮೂರನ್ನೂ ಸೋತರು. ಮೂರನೆಯದಂತೂ 19–8, ಅದೂ ತವರಿನ ಫೆನ್‌ವೇ ಪಾರ್ಕ್‌ನಲ್ಲಿ. ನಾಲ್ಕನೆಯ ಪಂದ್ಯ ಅಕ್ಟೋಬರ್ 17ರ ರಾತ್ರಿ. ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್, 4–3ರ ಹಿನ್ನಡೆ, ಚೆಂಡು ಹಿಡಿದು ನಿಂತವನು ಯಾಂಕೀಸ್‌ನ ಮಾರಿಯಾನೊ ರಿವೆರಾ. ಅವನು ಬಂದನೆಂದರೆ ಅಂಗಡಿ ಬಾಗಿಲು ಹಾಕಿದ ಹಾಗೆ. ಬೆಳಿಗ್ಗೆ ಕಚೇರಿಯಿತ್ತು. ಎದ್ದುಹೋಗಿ ಮಲಗಿದೆ.

ಅತ್ತೆಯವರಿಗೆ ಇನ್ನೂ ಮೈಸೂರಿನ ಗಡಿಯಾರ. ರಾತ್ರಿಯೆಲ್ಲ ಹೂಬತ್ತಿ ಹೊಸೆಯುತ್ತ ಟಿ.ವಿ. ಮುಂದೆ ಕೂತಿದ್ದರು. ಬೆಳಿಗ್ಗೆ ಕಾಫಿ ಕೊಡುತ್ತ ವರದಿ ಒಪ್ಪಿಸಿದರು: "ನೀವು ಹೋದ ಮೇಲೆ ಒಬ್ಬ ಹುಡುಗ ಬಂದ ಅಳಿಯಂದಿರೇ. ಯಾರೂ ಹೊಡೆಯಲೇ ಇಲ್ಲ, ಸುಮ್ಮನೆ ಓಡಿಬಿಟ್ಟ. ಮಣ್ಣಿನಲ್ಲಿ ಬಿದ್ದು ಬಟ್ಟೆಯೆಲ್ಲ ಹಾಳು. ಆಮೇಲೆ ಒಂದು ಗಂಟೆ ದಾಟಿದ ಮೇಲೆ ನಮ್ಮ ಗೊಂಬೆಯವನು ಹೊಡೆದ. ಎಲ್ಲರೂ ಕುಣಿದರು."

ಆ ಹುಡುಗ ಡೇವ್ ರಾಬರ್ಟ್ಸ್. ಅವನು ಎರಡನೆಯ ಬೇಸ್ ಕದ್ದ, ಅಂದರೆ ಯಾರೂ ಹೊಡೆಯುವ ಮೊದಲೇ ಓಡಿ ಮುಂದಿನ ನೆಲೆ ಸೇರಿಕೊಂಡ, ಆ ಕ್ಷಣವನ್ನು ಬಾಸ್ಟನ್ನಿಗರು ಇಂದಿಗೂ ದೇವರ ಲೀಲೆಯ ಹಾಗೆ ಬಣ್ಣಿಸುತ್ತಾರೆ. ನಾನು ಆಗ ಗೊರಕೆ ಹೊಡೆಯುತ್ತಿದ್ದೆನಂತೆ. ಇದಕ್ಕೂ ಸಾಕ್ಷಿ ಅತ್ತೆಯೇ.

ಸಂಜೆಯೊಳಗೆ ತೀರ್ಪು ಬಂತು. ಪಕ್ಕದ ಮನೆಯವರು ಬಹಳ ಸಭ್ಯವಾಗಿ, ನನ್ನ ಹೆಂಡತಿ ಅಷ್ಟು ಸಭ್ಯವಾಗೇನಲ್ಲದೆ, ನಾನು ಟಿ.ವಿ. ಇರುವ ಕೋಣೆಗೆ ಕಾಲಿಡಕೂಡದು ಎಂದರು. ಐದನೆಯ ಪಂದ್ಯ ಹದಿನಾಲ್ಕು ಇನ್ನಿಂಗ್ಸ್, ಐದು ಗಂಟೆ ನಲವತ್ತೊಂಬತ್ತು ನಿಮಿಷ ನಡೆಯಿತು. ಅಷ್ಟೂ ಹೊತ್ತು ನೆಲಮಾಳಿಗೆಯಲ್ಲಿ ಬಟ್ಟೆ ಒಗೆದೆ. ಮೇಲೆ ಚಾವಣಿ ಅದುರಿದಾಗೆಲ್ಲ ಏನೋ ಆಯಿತೆಂದು ತಿಳಿಯುತ್ತಿತ್ತು. ಆ ಗಾಬರಿಯಲ್ಲೇ ಅಭಿಮಾನದಿಂದ ಕೊಂಡಿದ್ದ ಹೊಸ ಕೆಂಪು ಕಾಲುಚೀಲಗಳನ್ನು ಪೂಜೆಯ ಬಿಳಿ ಪಂಚೆಯ ಜೊತೆಗೇ ಯಂತ್ರಕ್ಕೆ ತುರುಕಿದ್ದೆ. ತಂಡ ಗೆದ್ದಿತು, ಪಂಚೆ ಗುಲಾಬಿಯಾಯಿತು. ಸರಸ್ವತಿ ಪೂಜೆಗೆ ಕೂತಾಗ ಐಸ್‌ಕ್ರೀಮಿನಲ್ಲಿ ಅದ್ದಿ ತೆಗೆದವನಂತೆ ಕಾಣುತ್ತಿದ್ದೆ.

ಆರನೆಯ ಪಂದ್ಯದಲ್ಲಿ ನಮ್ಮ ತಂಡದ ಕರ್ಟ್ ಶಿಲ್ಲಿಂಗ್ ಪಾದದ ಕೀಲಿನ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡೇ ಚೆಂಡೆಸೆದ. ಬಿಳಿ ಕಾಲುಚೀಲದ ಮೇಲೆ ರಕ್ತ ಹರಡಿದ್ದನ್ನು ಟಿ.ವಿ.ಯವರು ಮತ್ತೆ ಮತ್ತೆ ತೋರಿಸಿದರಂತೆ. "ಪಾಪ, ಅವರ ಮನೆಯಲ್ಲೂ ಗಂಡಸರೇ ಬಟ್ಟೆ ಒಗೆಯುತ್ತಾರೇನೋ" ಎಂದರು ಅತ್ತೆ.

ಏಳನೆಯ ಪಂದ್ಯವನ್ನು ಕಾರಿನಲ್ಲಿ ಕೂತು ಕಳೆದೆ. ರೇಡಿಯೊ ಹಾಕಲೂ ಅಪ್ಪಣೆ ಇರಲಿಲ್ಲ. 10–3. ಮೂರು ಸೋತು ಆಮೇಲೆ ನಾಲ್ಕನ್ನೂ ಗೆದ್ದ ತಂಡ ಬೇಸ್‌ಬಾಲ್ ಇತಿಹಾಸದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ.

ವಿಜಯದಶಮಿಯ ರಾತ್ರಿ ವಾಡಿಕೆಯಂತೆ ಗೊಂಬೆಗಳನ್ನು ಮಲಗಿಸಿದೆವು. ರಾಜ, ರಾಣಿ, ಶೆಟ್ಟಿ, ಶೆಟ್ಟಮ್ಮ ಎಲ್ಲರೂ ಮಲಗಿದರು. ಓರ್ಟಿಜ್ ಒಬ್ಬನೇ ನಿಂತಿದ್ದ. "ಅವನ ಕೆಲಸ ಇನ್ನೂ ಮುಗಿದಿಲ್ಲವಲ್ಲ" ಎಂದರು ಅತ್ತೆ.

ಫೈನಲ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮೊದಲ ಮೂರನ್ನೂ ಸೋತರು. ನಾಲ್ಕನೆಯದು ಅಕ್ಟೋಬರ್ 27ಕ್ಕೆ. ಅಂದು ಹುಣ್ಣಿಮೆ, ಮೇಲೆ ಖಗ್ರಾಸ ಚಂದ್ರಗ್ರಹಣ. ಏಳು ಗಂಟೆಗೇ ಊಟ ಮುಗಿಸಿ ಅತ್ತೆ ಹಾಲು, ಉಪ್ಪಿನಕಾಯಿ, ಮೊಸರಿನ ಮೇಲೆಲ್ಲ ದರ್ಭೆ ಇಟ್ಟರು. ಗೆದ್ದರೆ ಬೇಕಾದೀತೆಂದು ಪಕ್ಕದ ಮನೆಯವರು ತಂದಿದ್ದ ಬಿಯರ್ ಡಬ್ಬಿಗಳ ಮೇಲೂ ಒಂದೊಂದು ಎಳೆ ಬಿತ್ತು.

ನಾನು ಹಿತ್ತಲಿನಲ್ಲಿ ಸ್ವೆಟರ್ ಹಾಕಿಕೊಂಡು, ಮೋಡದ ಸಂದಿಯಲ್ಲಿ ಇಣುಕುತ್ತಿದ್ದ ಕೆಂಪು ಚಂದ್ರನನ್ನು ನೋಡುತ್ತ ನಿಂತಿದ್ದೆ. 11.40ಕ್ಕೆ ಬೀದಿಯ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಮುದುಕರು ಹೊರಗೆ ಬಂದರು. ಕೂಗಲಿಲ್ಲ, ಕುಣಿಯಲಿಲ್ಲ. ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಬಿಯರ್ ಡಬ್ಬಿಗೆ ಕೈ ಹಾಕಿದರು.

"ಮೋಕ್ಷ ಆಗುವವರೆಗೂ ಮುಟ್ಟಬಾರದು" ಎಂದರು ಅತ್ತೆ. ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಹೇಳಿದಳು. ಮುದುಕರು ಎಷ್ಟು ಹೊತ್ತು ಎಂದು ಕೇಳಿದರು. ಇನ್ನೊಂದು ಗಂಟೆ ಹದಿನೈದು ನಿಮಿಷ. ಅವರು ತಲೆಯಾಡಿಸಿ, ದರ್ಭೆಯನ್ನು ಇದ್ದ ಜಾಗದಲ್ಲೇ ಸರಿಯಾಗಿ ಇಟ್ಟು, ಸೋಫಾದ ಎಡತುದಿಯಲ್ಲಿ ಕೂತರು.

ಒಂದಕ್ಕೆ ಗ್ರಹಣ ಬಿಟ್ಟಿತು. ಅತ್ತೆ ತಲೆಗೆ ಸ್ನಾನ ಮಾಡಿ ಬಂದು, ದೀಪ ಹಚ್ಚಿ, ಓರ್ಟಿಜ್‌ನನ್ನು ಎರಡೂ ಕೈಯಲ್ಲಿ ಹಿಡಿದು ಮೆತ್ತನೆಯ ಟವೆಲ್ಲಿನ ಮೇಲೆ ಮಲಗಿಸಿದರು. ಮಲಗಿದ ಮೇಲೂ ಅವನ ತಲೆ ಬಹಳ ಹೊತ್ತು ಆಡುತ್ತಲೇ ಇತ್ತು.