ಎರಡು ದಾರಿ ಇಟ್ಟರೆ ಹಳೇ ದಾರೀನೇ ಹಿಡೀತಾರೆ

ಸರ್ಕಾರಿ ಕಚೇರಿಗಳ ಕಡತಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದರೂ ಕಡತ ಓಡುತ್ತಿಲ್ಲ, ಸಿಬ್ಬಂದಿಗೆ ಬದಲಾಗುವ ಮನಸ್ಸಿಲ್ಲ ಎಂದು ಬರೆದಿದ್ದೀರಿ. ಮನಸ್ಸಿನ ಮಾತು ಅರ್ಧ ಸತ್ಯ ಸರ್. ನಾನು ಕೊಪ್ಪಳ ಜಿಲ್ಲೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮಗೆ ತರಬೇತಿ ಕೊಟ್ಟಿದ್ದು ಒಂದೇ ಮಧ್ಯಾಹ್ನ. ಅದರಲ್ಲಿ ಒಂದು ತಾಸು ಕರೆಂಟೇ ಇರಲಿಲ್ಲ! ಆಮೇಲೆ ಏನಾಯ್ತು ಗೊತ್ತಾ? ಟಿಪ್ಪಣಿಯನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಾಹೇಬರ ಹಸಿರು ಇಂಕಿನ ಸಹಿ ಹಾಕಿಸಿ, ಅದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದೆವು. ಕೆಲಸ ಡಬಲ್. ಕೆಂಪು ದಾರವೂ ಉಳಿಯಿತು, ಪಾಸ್‌ವರ್ಡೂ ಬಂತು.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಬಂದಾಗ ಹೀಗಾಗಲಿಲ್ಲ. ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂದುಬಿಟ್ಟರು. ಆಗ 15 ರೂಪಾಯಿ ಕೊಟ್ಟರೆ ಕಿಯೋಸ್ಕಿನಲ್ಲೇ ಪಹಣಿ ಸಿಗುತ್ತಿತ್ತು. ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ ಅಲ್ವಾ?

ಇನ್ನು ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ, ಸ್ಥಳೀಯರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿದರೂ ಖಾಲಿ ಕುರ್ಚಿಗಳು ಹಾಗೇ ಇವೆ. ಒಬ್ಬನೇ ಮೂರು ಟೇಬಲ್ ನೋಡುವಾಗ ಹೊಸದು ಕಲಿಯೋದು ಯಾವಾಗ? ಸುಮ್ನೆ ಗುಮಾಸ್ತರನ್ನು ಬೈದರೆ ಆಗಲ್ಲ. ಮೊದಲು ಸಾಹೇಬರು ಪ್ರಿಂಟ್ ಕೇಳೋದು ನಿಲ್ಲಿಸಲಿ.