ಕಾಲರ್ ಅನ್ನು ತೇಲಿಸುವುದು ಪಂಪ್ ಅಲ್ಲ

ಪ್ರೊಪೆಲ್ಲರಿನ ನೂಕುಬಲವನ್ನು ಶಾಫ್ಟಿನಿಂದ ಹಡಗಿನ ಒಡಲಿಗೆ ದಾಟಿಸುವುದು ಥ್ರಸ್ಟ್ ಬೇರಿಂಗ್. ಅದರ ಕುರಿತ ಲೇಖನವೊಂದರಲ್ಲಿ, ಎಣ್ಣೆ ಪಂಪಿನ ಒತ್ತಡವೇ ಶಾಫ್ಟಿನ ಕಾಲರ್ ಅನ್ನು (ಶಾಫ್ಟಿನ ಜೊತೆ ತಿರುಗುವ ತಟ್ಟೆಯಂಥ ಉಂಗುರವನ್ನು) ಅದಕ್ಕೆ ಎದುರಾಗಿ ನಿಲ್ಲುವ ಲೋಹದ ಪ್ಯಾಡ್‌ಗಳಿಂದ ದೂರ ಹಿಡಿಯುತ್ತದೆ ಎಂದು ಲೇಖಕರು ಬರೆದಿರುವುದನ್ನು ಒಪ್ಪಲಾರೆ. ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಪಂಪ್ ಎಣ್ಣೆಯನ್ನು ಅಲ್ಲಿಗೆ ಮುಟ್ಟಿಸುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ, ಅಷ್ಟೇ. ಅದರ ಒತ್ತಡ ಸಾಮಾನ್ಯವಾಗಿ ಎರಡು-ಮೂರು ಬಾರ್. ಪೂರ್ಣ ವೇಗದಲ್ಲಿ ಪ್ಯಾಡಿನ ಮೇಲೆ ಬೀಳುವ ಒತ್ತಡ ಅದರ ಹತ್ತು ಪಟ್ಟಿನ ಆಸುಪಾಸು. ಹಾಗಾದರೆ ಉಳಿದದ್ದು ಎಲ್ಲಿಂದ ಬರಬೇಕು?

ಕಾಲರ್ ತಿರುಗುವುದರಿಂದಲೇ. ಪ್ರತಿ ಪ್ಯಾಡ್ ತನ್ನ ಬೆನ್ನಿನ ಆಧಾರದ ಮೇಲೆ ಕೂದಲೆಳೆಯಷ್ಟು ವಾಲುತ್ತದೆ. ತಿರುಗುವ ಕಾಲರ್ ಎಣ್ಣೆಯನ್ನು ಅಗಲವಾದ ಕಡೆಯಿಂದ ಕಿರಿದಾದ ಕಡೆಗೆ ಎಳೆದೊಯ್ಯುತ್ತದೆ, ಬೆಣೆಯಾಕಾರದ ಆ ಪದರದಲ್ಲಿ ಒತ್ತಡ ತಾನಾಗಿ ಹುಟ್ಟುತ್ತದೆ, ಲೋಹಕ್ಕೆ ಲೋಹ ತಾಗುವುದಿಲ್ಲ. ಆಸ್ಟ್ರೇಲಿಯಾದ ಎಂಜಿನಿಯರ್ ಮಿಚೆಲ್ 1905ರಲ್ಲಿ ಪೇಟೆಂಟ್ ಪಡೆದದ್ದು ಇದೇ ವಾಲುವ ಪ್ಯಾಡಿಗೆ. ಅಮೆರಿಕದ ಕಿಂಗ್ಸ್‌ಬರಿ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಅದಕ್ಕೂ ಮೊದಲು ಶಾಫ್ಟಿನ ಮೇಲೆ ಸಾಲಾಗಿ ಹಲವು ಕಾಲರ್ ಇಟ್ಟರೂ ಬೇರಿಂಗ್ ಬಿಸಿಯೇರುತ್ತಿತ್ತು. ಈಗ ಒಂದೇ ಕಾಲರ್ ಸಾಕು, ಹಡಗು ಮುಂದಕ್ಕೆ ಸಾಗುವಾಗ ಒಂದು ಬದಿಯ ಪ್ಯಾಡ್‌ಗಳು, ಹಿಂದಕ್ಕೆ ಸಾಗುವಾಗ ಇನ್ನೊಂದು ಬದಿಯವು.

ಲೇಖನ ಬೇರಿಂಗ್‌ನಲ್ಲೇ ನಿಂತುಬಿಟ್ಟದ್ದು ಬೇಸರ ತಂದಿತು. ಹಡಗನ್ನು ನಿಜವಾಗಿ ತಳ್ಳುವ ಬಲದ ದಾರಿ ಅಲ್ಲಿಂದ ಮುಂದಿದೆ. ನಿಧಾನಗತಿಯ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಬೇರಿಂಗ್ ಎಂಜಿನ್ನಿನ ಹಿಂತುದಿಯಲ್ಲೇ ಇರುತ್ತದೆ. ಬಲ ಪ್ಯಾಡಿನಿಂದ ಎಂಜಿನ್ನಿನ ಅಡಿಚೌಕಟ್ಟಾದ ಬೆಡ್‌ಪ್ಲೇಟಿಗೆ, ಅಲ್ಲಿಂದ ಅದರಡಿಯ ಆಸರೆ ತುಂಡುಗಳಾದ ಚಾಕ್ ಮತ್ತು ಎಂಜಿನ್ನನ್ನು ಬಿಗಿದಿಡುವ ಹಿಡಿಬೋಲ್ಟ್‌ಗಳ ಮೂಲಕ ಟ್ಯಾಂಕ್ ಟಾಪಿಗೆ, ಅಂದರೆ ಹಡಗಿನ ತಳದ ಟ್ಯಾಂಕುಗಳ ಮೇಲಿನ ಉಕ್ಕಿನ ಹಾಸಿಗೆ, ಇಳಿಯುತ್ತದೆ. ಆ ಬೋಲ್ಟ್‌ಗಳು ಸಡಿಲವಾದರೆ ಚಾಕ್ ಸವೆಯುತ್ತದೆ, ಎಂಜಿನ್ ಮತ್ತು ಶಾಫ್ಟ್ ಒಂದೇ ನೇರದಲ್ಲಿರುವ ಅಲೈನ್‌ಮೆಂಟೇ ಕೆಡುತ್ತದೆ. ಅದಕ್ಕೇ ಅವುಗಳ ಬಿಗಿಯನ್ನು ಆಗಾಗ ಪರೀಕ್ಷಿಸುವುದು.