ಮೀಟಿಂಗ್ ಇದೆ ಅಂತ ಬರೆದ ಮೇಲೆ ಬಾಗಿಲು ತೆಗೆದಿರಬೇಕು

ಸಿಟ್ಟು ಇನ್ನೂ ಇಳಿದಿಲ್ಲ, ಬರಹ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ಕುಡಿತ ಬಿಡ್ತೀನಿ ಅಂತ ತಾನಾಗೇ ಬಾಯ್ಬಿಟ್ಟ ಗೆಳೆಯನ್ನ ನಿನ್ನೆ ಸಂಜೆ, ಕುಡಿತ ಬಿಡೋರು ಒಟ್ಟಿಗೆ ಕೂತು ಮಾತಾಡೋ ಮೀಟಿಂಗ್‌ಗೆ ಕರ್ಕೊಂಡು ಹೋಗಿದ್ದೆ. ಗುಂಪಿನವರ ಮೀಟಿಂಗ್ ಲಿಸ್ಟಲ್ಲಿ ವಿಳಾಸ ಇತ್ತು, ವಾರ ಇತ್ತು, ಏಳು ಗಂಟೆ ಅಂತ ಸಮಯಾನೂ ಇತ್ತು. ಹೋದ್ರೆ ಬೀಗ. ಪಕ್ಕದಲ್ಲಿ ಕಸ ಗುಡಿಸ್ತಿದ್ದವರು "ಅವ್ರು ಇಲ್ಲಿಗೆ ಬರೋದು ನಿಲ್ಸಿ ಬಹಳ ದಿನ ಆಯ್ತಲ್ಲ" ಅಂದ್ರು. ಇವನು ಯಾರ ಮುಖಾನೂ ನೋಡ್ಲಿಲ್ಲ, ಶರ್ಟ್ ತೋಳು ಮಡಚೋದು ಬಿಚ್ಚೋದು ಮಾಡ್ತಾ ನಿಂತಿದ್ದ. ಆ ಶರ್ಟನ್ನ ಇಸ್ತ್ರಿ ಮಾಡ್ಕೊಂಡು ಹಾಕ್ಕೊಂಡು ಬಂದಿದ್ದ, ಅದನ್ನ ನೋಡೇ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು.

ಯಾವ ಗುಂಪು ಅಂತ ಹೇಳಲ್ಲ. ಸಂಬಳ ಇಲ್ಲದೆ ನಡೆಸೋರು, ಅವರೂ ಕಷ್ಟ ಪಟ್ಟು ಎದ್ದು ಬಂದೋರೇ, ಗೊತ್ತು. ಆದ್ರೂ ಕೇಳ್ತೀನಿ, ನಿಂತು ಹೋಗಿರೋ ಮೀಟಿಂಗ್‌ನ ಲಿಸ್ಟಿಂದ ತೆಗೆಯೋಕೆ ಎಷ್ಟು ಹೊತ್ತು ಬೇಕು? ನಮ್ಮಣ್ಣನ ಕುಡಿತದಿಂದ ನಮ್ಮ ಮನೇಲಿ ಏನೇನೋ ಆಯ್ತು, ಅದನ್ನ ಮತ್ತೆ ಕೆದಕಲ್ಲ. ಕುಡಿಯೋರಿಗೆ ಬಿಡೋ ಮನಸ್ಸೇ ಬರಲ್ಲ ಅಂತಾರಲ್ಲ, ಸುಳ್ಳು. ಬರತ್ತೆ, ಆದ್ರೆ ನಿಲ್ಲಲ್ಲ. ಬೆಳಿಗ್ಗೆ ಇದ್ದ ಮನಸ್ಸು ಸಂಜೆಗೆ ಇರಲ್ಲ, ಅಷ್ಟರೊಳಗೆ ಒಂದು ಬಾಗಿಲು ತೆಗೆದಿರಬೇಕು. ಬೀಗ ಕಂಡ್ರೆ ತಲೆ ಒಳಗೆ ಕೂತಿರೋ ಕುಡಿತ ತಕ್ಷಣ ಹೇಳತ್ತೆ, ನೋಡು, ನೀನು ಪ್ರಯತ್ನ ಪಟ್ಟೆ, ಆಗ್ಲಿಲ್ಲ, ನಡಿ.

"ನಿಜವಾಗ್ಲೂ ಬೇಕಿದ್ದೋನು ಹೇಗಾದ್ರೂ ಹುಡುಕ್ತಾನೆ ಬಿಡಿ" ಅಂದ್ರು ರಾತ್ರಿ ಒಬ್ರು ಫೋನಲ್ಲಿ. ಈ ಮಾತು ಕೇಳಿದ್ರೆ ಮೈ ಉರಿಯತ್ತೆ. ಕೈ ನಡುಗ್ತಿರೋನು, ನಾಚಿಕೆಯಿಂದ ತಲೆ ಎತ್ತೋಕೆ ಆಗ್ದೆ ಇರೋನು, ನಾಲ್ಕು ಬೀದಿ ಅಲೆದು ಹುಡುಕಬೇಕಾ? ಇಂಥ ಮೀಟಿಂಗ್ ನಡೆಸೋ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಹುಟ್ಟಿದ್ದೇ ಹೇಗೆ ಅಂತ ನೋಡಿ. 1935ರ ಮೇ ತಿಂಗಳು, ಅಮೆರಿಕದ ಓಹಾಯೋದ ಏಕ್ರನ್ ಅನ್ನೋ ಊರು. ಕೆಲವು ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ಅನ್ನೋರು ವ್ಯವಹಾರ ಕೆಟ್ಟು ಹೋಟೆಲ್ ಲಾಬಿಯಲ್ಲಿ ಒಬ್ರೇ ನಿಂತಿದ್ರು, ಅಲ್ಲೇ ಬಾರ್, ಅಲ್ಲೇ ಚರ್ಚುಗಳ ಹೆಸರು ಹಾಕಿದ್ದ ಒಂದು ಪಟ್ಟಿ. ಬಾರ್‌ಗೆ ಹೋಗದೆ, ತನ್ನ ಹಾಗೇ ಕುಡಿತದಲ್ಲಿ ಸಿಕ್ಕಿರೋ ಒಬ್ರ ಜೊತೆ ಮಾತಾಡ್ಬೇಕು ಅಂತ ಆ ಪಟ್ಟಿ ಹಿಡ್ಕೊಂಡು ಫೋನ್ ಮಾಡ್ತಾ ಹೋದ್ರು, ಕೊನೆಗೆ ಒಬ್ಬ ಹೆಂಗಸು ಸಿಕ್ಕಿ ಡಾಕ್ಟರ್ ಬಾಬ್ ಅನ್ನೋ ಸರ್ಜನ್‌ನ ಪರಿಚಯ ಮಾಡ್ಸಿದ್ರು, ಆ ಡಾಕ್ಟ್ರೂ ಕುಡಿತದಲ್ಲಿ ಮುಳುಗಿದ್ದೋರೇ. ಮರುದಿನ ಭೇಟಿ. ಆ ಡಾಕ್ಟ್ರು ಕೊನೇ ಸಲ ಕುಡಿದ ಜೂನ್ 10ನ್ನೇ ಇವತ್ತಿಗೂ ಎಎ ಹುಟ್ಟಿದ ದಿನ ಅಂತಾರೆ. ಆ ಫೋನ್ ಎತ್ತೋರೇ ಇಲ್ದಿದ್ರೆ? ಅದೇ ನಾನು ಹೇಳ್ತಿರೋದು.

ಇನ್ನೊಂದು ವಾದ, ಗುಟ್ಟು ಕಾಪಾಡಬೇಕು, ಅದಕ್ಕೇ ಬೋರ್ಡ್ ಹಾಕಲ್ಲ ಅಂತ. ಗುಟ್ಟು ಒಳಗೆ ಬರೋ ಮನುಷ್ಯಂದು, ಬಾಗಿಲಿಂದಲ್ಲ. ಎಎ ಗುಂಪುಗಳು ಪಾಲಿಸೋ ಹನ್ನೆರಡು ಸಂಪ್ರದಾಯಗಳಲ್ಲಿ ಹನ್ನೊಂದನೇದು ಪತ್ರಿಕೆ, ರೇಡಿಯೋ, ಸಿನಿಮಾದಲ್ಲಿ ಸದಸ್ಯರು ತಮ್ಮ ಗುರುತು ಹೇಳ್ಕೋಬಾರ್ದು ಅನ್ನತ್ತೆ. ಐದನೇದು, ಇನ್ನೂ ನರಳ್ತಿರೋ ಕುಡುಕನಿಗೆ ಈ ವಿಷಯ ಮುಟ್ಟಿಸೋದೇ ಗುಂಪಿನ ಮುಖ್ಯ ಕೆಲಸ ಅನ್ನತ್ತೆ. ತಪ್ಪು ವಿಳಾಸ ಇಟ್ಕೊಂಡು ಏನು ಮುಟ್ಟಿಸ್ತೀರಿ?

ಇಷ್ಟು ಸಿಟ್ಟು ಯಾಕೆ ಅಂದ್ರೆ, ಈ ಮೀಟಿಂಗ್‌ಗಳು ಕೆಲಸ ಮಾಡ್ತವೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಹಾಕಿ ಪರಿಶೀಲಿಸೋ ಸಂಸ್ಥೆಯಾದ ಕೊಕ್ರೇನ್‌ನವರು 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟಿಗೆ ನೋಡಿದ್ರು, ರೋಗಿನ ಎಎಗೆ ಸೇರಿಸೋ ಚಿಕಿತ್ಸಾ ಕ್ರಮ ಪೂರ್ತಿ ಕುಡಿಯದೆ ಉಳಿಯೋ ವಿಷಯದಲ್ಲಿ ಬೇರೆ ಚಿಕಿತ್ಸೆಗಳಿಗಿಂತ ಮೇಲು ಅಂತ ಬಂತು. ಫೀಸ್ ಇಲ್ಲ. ಸೇರೋಕೆ ಬೇಕಾಗಿರೋದು ಕುಡಿತ ಬಿಡೋ ಆಸೆ ಒಂದೇ. ಎಎಯಲ್ಲಿ ಬರೋ ದೇವರ ಮಾತು ಒಗ್ಗಲ್ಲ ಅನ್ನೋರಿಗೆ ಸ್ಮಾರ್ಟ್ ರಿಕವರಿ ಅನ್ನೋ ಬೇರೆ ಗುಂಪು ಇದೆ, 1994ರಿಂದ. ಕುಡಿಯೋರ ಮನೆಯವರಿಗೆ ಅಲ್-ಅನಾನ್ ಅನ್ನೋ ಗುಂಪು ಇದೆ. ಲಿಸ್ಟಲ್ಲಿ ಎಎ ಮೀಟಿಂಗ್ ಮುಂದೆ ಕ್ಲೋಸ್ಡ್ ಅಂತ ಹಾಕಿದ್ರೆ ಕುಡಿತ ಬಿಡ್ಬೇಕು ಅನ್ನೋರಿಗೆ ಮಾತ್ರ, ಓಪನ್ ಅಂದ್ರೆ ಜೊತೆಗೆ ಬಂದೋರೂ ಕೂರಬಹುದು, ಹೊಸಬರಿಗೆ ಇದನ್ನ ಯಾರೂ ಬಿಡಿಸಿ ಹೇಳಲ್ಲ. ಇನ್ನು ದಿನಾ ಜಾಸ್ತಿ ಕುಡಿಯೋರು ಮೀಟಿಂಗ್ ಸಿಕ್ತು ಅಂತ ಒಂದೇ ಸಲ ನಿಲ್ಲಿಸ್ಬೇಡಿ, ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರ್.

ಗುಂಪು ನಡೆಸೋರೇ, ಕೈ ಮುಗಿದು ಕೇಳ್ತೀನಿ. ಮೀಟಿಂಗ್ ನಿಂತ್ರೆ ಅವತ್ತೇ ಲಿಸ್ಟಿಂದ ತೆಗೀರಿ. ರೂಮ್ ಬದಲಾದ್ರೆ ಹಳೇ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ, ಮೊದಲ ಕೆಲವು ವಾರ ಒಬ್ರು ಅಲ್ಲೇ ನಿಂತಿರಿ. ಲಿಸ್ಟಲ್ಲಿರೋ ನಂಬರ್‌ಗೆ ಫೋನ್ ಬಂದ್ರೆ ಎತ್ತಿ, ಎತ್ತೋಕೆ ಆಗ್ಲಿಲ್ಲ ಅಂದ್ರೆ ಅದೇ ರಾತ್ರಿ ವಾಪಸ್ ಮಾಡಿ.